ಆ ಸಪ್ಪಳ ನಿಲ್ಲಿಸಬ್ಯಾಡ

ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಥೆ ಕಟ್ಟುವಷ್ಟು ಬುದ್ಧಿ ನನಗಿಲ್ಲ. ಸೂಲಗಿತ್ತಿ ಕೆಲಸ ಮಾತ್ರ ಗೊತ್ತು. ಬಸುರಿಯ ಹೊಟ್ಟೆಗೆ ಕಿವಿ ಇಟ್ಟು ಒಳಗಿನ ಕೂಸಿನ ಎದೆಬಡಿತ ಕೇಳುವುದು, ಹೆರಿಗೆ ಮಾಡಿಸುವುದು, ಇಷ್ಟೇ. ಒಂದು ರಾತ್ರಿ ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮ್ಮಿಷ್ಟ. ಆ ಜೀಪಿನಲ್ಲಿ ನನ್ನ ಜೊತೆ ಇನ್ನೂ ಮೂವರಿದ್ದರು, ಅವರೂ ಕೇಳಿದ್ದಾರೆ.

ಸಾವಿರದ ಒಂಬೈನೂರ ಅರವತ್ತನೇ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ಸಾಗುವಾನಿಯ ಎಲೆ ಉದುರುವ ಕಾಲ. ಕಿರವತ್ತಿಯಿಂದ ಒಳಗೆ, ಕಾಡಿನಲ್ಲಿ ನಾಟಾ ಕಡಿಯುವವರ ಬಿಡಾರಗಳಿದ್ದವು. ಅಲ್ಲಿ ಚಕ್ಕಡಿ ಹೊಡೆಯುವ ಫಕೀರಪ್ಪನ ಹೆಂಡತಿ ನೀಲವ್ವನಿಗೆ ಚೊಚ್ಚಲ ಹೆರಿಗೆ. ಬೆಳಗಿನಿಂದ ಬೇನೆ. ಕೂಸು ಅಡ್ಡ ಬಿದ್ದಿತ್ತು. ಎಣ್ಣೆ ಹಚ್ಚಿ ತಿರುಗಿಸಲು ನೋಡಿದೆ, ತಿರುಗಲಿಲ್ಲ. ಮಧ್ಯಾಹ್ನವೇ ದವಾಖಾನೆಗೆ ಕಳಿಸಬೇಕಿತ್ತು. ನನ್ನ ಕೈಗುಣದ ಮೇಲೆ ನನಗೆ ಸೊಕ್ಕು. ಕಳಿಸಲಿಲ್ಲ. ಹೊತ್ತು ಮುಳುಗಿದ ಮೇಲೆ ಒಪ್ಪಿಕೊಂಡೆ.

“ಯಲ್ಲಾಪುರಕ್ಕ ಒಯ್ಯಬೇಕು. ಇಲ್ಲಂದ್ರ ಎರಡೂ ಜೀವ ಹೋಗ್ತಾವ,” ಎಂದೆ.

ಬಿಡಾರಕ್ಕೆಲ್ಲ ಇದ್ದದ್ದು ಗುತ್ತಿಗೆದಾರನ ಒಂದೇ ಜೀಪು. ಯುದ್ಧದ ಕಾಲದ್ದು, ಮಿಲಿಟರಿಯವರು ಹರಾಜು ಹಾಕಿದ್ದು. ನಾಲ್ಕೂ ಗಾಲಿ ಎಳೆಯುತ್ತಿದ್ದವು, ಹಾಗಾಗಿ ಕಾಡಿನ ದಾರಿಗೆ ಅದೇ ಆಗಬೇಕು. ಡ್ರೈವರ್ ಇಮಾಮಸಾಬ. ಅವನ ಹತ್ತಿರ ಗಂಟು ಒಡೆದ ಬಿದಿರಿನ ಕೊಳವೆ ಒಂದಿತ್ತು. ಒಂದು ತುದಿ ಕಬ್ಬಿಣಕ್ಕೆ ಒತ್ತಿ, ಇನ್ನೊಂದು ತುದಿ ಕಿವಿಗೆ ಹಚ್ಚಿ, ಯಾವ ಬೇರಿಂಗ್ ಸವೆದಿದೆ, ಯಾವ ಜಾಯಿಂಟ್ ಸಡಿಲಾಗಿದೆ ಎಂದು ಕೂತಲ್ಲೇ ಹೇಳುತ್ತಿದ್ದ.

“ನೀ ಹೊಟ್ಟಿಗಿ ಕಿವಿ ಇಡ್ತಿ, ನಾ ಗಾಡಿಗಿ ಇಡ್ತೀನಿ. ಇಬ್ರದೂ ಒಂದ ಕಸಬು ನೋಡ ದ್ಯಾಮವ್ವ,” ಎಂದು ನನ್ನನ್ನು ಕೆಣಕುತ್ತಿದ್ದ.

“ನಿನ್ನ ಗಾಡಿ ಸತ್ರ ಗುಜರಿಗಿ ಹಾಕ್ತಿ. ನಂದು ಹಂಗಲ್ಲ, ಮುಚ್ಚ ಬಾಯಿ,” ಎನ್ನುತ್ತಿದ್ದೆ.

ಜೀಪಿನ ಹಿಂದೆ ಹುಲ್ಲು ಹರವಿ, ಮೇಲೆ ಕೌದಿ ಹಾಸಿ ನೀಲವ್ವನನ್ನು ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲೆ. ಫಕೀರಪ್ಪ ಮುಂದೆ ಕೂತ. ಹೊರಡುವ ಮುಂಚೆ ಹೊಟ್ಟೆಗೆ ಕಿವಿ ಇಟ್ಟೆ. ಕೂಸಿನ ಬಡಿತ ಇತ್ತು. ಸಣ್ಣಗೆ, ದಣಿದ ಹಾಗೆ, ಆದರೂ ಓಡುತ್ತಲೇ ಇತ್ತು.

ಇಮಾಮಸಾಬ ನಾಲ್ಕೂ ಗಾಲಿ ಎಳೆಯುವ ಸ್ಪೆಷಲ್ ಗೇರು ಹಾಕಿದ. ಜೀಪು ಬೇರು ಕಲ್ಲು ಹತ್ತಿ ಇಳಿದು ಹೊರಟಿತು. ಒಂದು ಮೈಲಿ ಹೋಗಿರಬಹುದು...

ಟಕ-ಟಕ... ಟಕ-ಟಕ... ಟಕ-ಟಕ...

ಕೆಳಗಿನಿಂದ. ನೆಲದ ತಗಡಿನ ಒಳಗಿನಿಂದ. ಮರಿಕುದುರೆ ಓಡಿದ ಹಾಗೆ.

ಇಮಾಮಸಾಬ ಬ್ರೇಕ್ ಒತ್ತಿದ. “ಇದು ನನ್ನ ಗಾಡಿ ಸಪ್ಪಳ ಅಲ್ಲ.”

“ಸಾಬ, ಗಾಡಿ ಆಮ್ಯಾಲೆ ನೋಡ್ಕೊ! ಅಕಿ ಸಾಯಾಕ ಹತ್ಯಾಳ!” ಎಂದು ಫಕೀರಪ್ಪ ಕೂಗಿದ.

“ಗಾಲಿ ಕಳಚಿದ್ರ ಎಲ್ಲಾರೂ ಸಾಯ್ತೀವಿ. ಸುಮ್ನ ಕುಂದ್ರು.”

ಸ್ಪೆಷಲ್ ಗೇರು ತೆಗೆದು, ಬರೀ ಹಿಂದಿನ ಗಾಲಿಯ ಮೇಲೆ ಓಡಿಸಿದ. ಮುಂದಿನ ಗಾಲಿಗಳ ಜಾಯಿಂಟ್ ಇರಬೇಕು, ನಿಲ್ಲುತ್ತದೆ ಎಂದ. ನಿಲ್ಲಲಿಲ್ಲ. ಜೋರಾಗಿ ಓಡಿಸಿದ. ಆಮೇಲೆ ಎತ್ತಿನ ನಡಿಗೆಗೆ ಇಳಿಸಿದ. ಸಪ್ಪಳ ಹೆಚ್ಚಲೂ ಇಲ್ಲ, ಕಡಿಮೆಯೂ ಆಗಲಿಲ್ಲ.

“ಗಾಲೀದು ಅಂದ್ರ ಗಾಡಿ ಓಡಿದಂಗ ಬಡೀಬೇಕು. ಇದು ತನ್ನಷ್ಟಕ್ಕ ತಾನ ಬಡೀತೈತಿ...” ಎಂದ. ಅವನ ದನಿ ಇಳಿದಿತ್ತು.

ಮುಂದೆ ಇಳಿಜಾರು ಬಂತು. ಎಂಜಿನ್ ಬಂದ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಟ್ಟ. ಒಣಗಿದ ಸಾಗುವಾನಿ ಎಲೆ ಗಾಲಿಯಡಿ ಪರಪರ ಎನ್ನುತ್ತಿತ್ತು. ಅದರ ನಡುವೆ... ಟಕ-ಟಕ... ಟಕ-ಟಕ...

ಇಳಿಜಾರಿನ ಕೆಳಗೆ ಜೀಪು ನಿಂತಿತು. ಪೂರಾ ನಿಂತಿತು. ಎಂಜಿನ್ ಇಲ್ಲ, ಗಾಲಿ ಇಲ್ಲ, ಗಾಳಿ ಕೂಡ ಇಲ್ಲ.

ಟಕ-ಟಕ... ಟಕ-ಟಕ...

ಸುಟ್ಟ ಎಣ್ಣೆಯ ನಾತ, ನೀಲವ್ವನ ರಕ್ತದ ನಾತ, ಎರಡೂ ಬೆರೆತಿದ್ದವು. ಇಮಾಮಸಾಬ ಕಂದೀಲು ಹಿಡಿದು, ಬಿದಿರು ತೆಗೆದುಕೊಂಡು ಕೆಳಗೆ ತೂರಿದ. ಅಲ್ಲಲ್ಲಿ ಕೊಳವೆ ಒತ್ತುವುದು ಕಾಲಡಿಯಲ್ಲೇ ಗೊತ್ತಾಗುತ್ತಿತ್ತು. ಹೊರಗೆ ಬಂದಾಗ ಮೋರೆ ಬೂದಿಯಾಗಿತ್ತು.

“ಎಂಜಿನ್ನಿನ್ಯಾಗ ಇಲ್ಲ. ಶಾಫ್ಟಿನ್ಯಾಗ ಇಲ್ಲ. ಈ ತಗಡಿನ್ಯಾಗ ಐತಿ. ಅಕಿ ಮಲಗಿದ್ದರ ಕೆಳಗ.”

“ಹಂಗಾರ ಏನರ ಮಾಡೋ!” ಎಂದ ಫಕೀರಪ್ಪ.

ಇಮಾಮಸಾಬ ಹಳೇ ಟೈರಿನ ತುಂಡು ತಂದು, ತಗಡಿಗೂ ಕೆಳಗಿನ ಕಬ್ಬಿಣದ ಪಟ್ಟಿಗೂ ನಡುವೆ ಸುತ್ತಿಗೆಯಿಂದ ಬಡಿದು ಕೂರಿಸಿದ. ಕೊನೆಯ ಏಟಿಗೆ ಸಪ್ಪಳ ನಿಂತಿತು.

“ಅಲ್ಲಾ... ತಗಡು ಅದರತಿತ್ತು, ಅಷ್ಟ. ಹೆದರಿಸಿ ಬಿಡ್ತು ಹಲ್ಕಟ್,” ಎಂದು ನಕ್ಕ. ಫಕೀರಪ್ಪನೂ ನಕ್ಕ. ಜೀಪು ಹೊರಟಿತು.

ನೀಲವ್ವ ನನ್ನ ಮೊಣಕೈ ಹಿಡಿದಳು. “ಎವ್ವಾ... ಕೂಸು ಯಾಕ ಸುಮ್ಮನಾತು?”

ಹೊಟ್ಟೆಗೆ ಕಿವಿ ಇಟ್ಟೆ. ಏನೂ ಇಲ್ಲ. ಗಾಡಿಯ ಗದ್ದಲಕ್ಕೆ ಕೇಳುತ್ತಿಲ್ಲ ಎಂದುಕೊಂಡು ನಿಲ್ಲಿಸು ಎಂದೆ. ನಿಂತ ಮೇಲೂ ಏನೂ ಇಲ್ಲ. ಇಮಾಮಸಾಬನ ಬಿದಿರು ಇಸಿದುಕೊಂಡೆ. ಹೊಕ್ಕುಳ ಕೆಳಗೆ, ಬಲಕ್ಕೆ, ಎಡಕ್ಕೆ, ಎಲ್ಲ ಕಡೆ ಒತ್ತಿ ಕೇಳಿದೆ. ಅವಳದೇ ಕರುಳಿನ ಗುಳುಗುಳು. ಕೂಸಿನ ಬಡಿತ ಇಲ್ಲ.

ಸತ್ತ ಕೂಸಿನ ಹೊಟ್ಟೆ ನಾನು ಬೇಕಾದಷ್ಟು ನೋಡಿದ್ದೇನೆ. ಅದಕ್ಕೆ ಹೆದರುವವಳಲ್ಲ. ಆದರೆ ಆಗ ಒಂದು ಯೋಚನೆ ಬಂತು ನೋಡಿ, ಅದಕ್ಕೆ ಬೆನ್ನು ತಣ್ಣಗಾಯಿತು. ಕಾಡಿನ ದಾರಿಯಲ್ಲಿ ಕೇಳಿದ ಆ ಸಪ್ಪಳ ಯಾವ ಲೆಕ್ಕಕ್ಕೆ ಬಡಿಯುತ್ತಿತ್ತು? ಬಿಡಾರದಲ್ಲಿ ಅವಳ ಹೊಟ್ಟೆಯೊಳಗೆ ನಾನು ಕೇಳಿದ್ದು ಯಾವ ಲೆಕ್ಕಕ್ಕೆ ಬಡಿಯುತ್ತಿತ್ತು?

ಎರಡೂ ಒಂದೇ.

“ಇಮಾಮಸಾಬ. ಆ ರಬ್ಬರ್ ತಗಿ.”

“ಯಾಕವ್ವಾ? ಈಗ ಸುಮ್ಮನಾಗೈತಿ...”

“ಸುಮ್ಮನಾಗೈತಿ ಅಂತನ ಹೇಳಾಕ ಹತ್ತೀನಿ. ತಗಿ!”

ಅವನು ನನ್ನ ಮುಖ ನೋಡಿದ. ನನ್ನ ಕೈಯ ಬಿದಿರು ನೋಡಿದ. ಕೆಳಗೆ ತೂರಿ ಟೈರಿನ ತುಂಡು ಕಿತ್ತು ಎಸೆದ.

ಸಪ್ಪಳ ಬರಲಿಲ್ಲ.

“ಹೊಡಿ ಗಾಡಿ,” ಎಂದೆ. ಹೊಡೆದ. ಒಂದು ತಿರುವು... ಎರಡು ತಿರುವು... ನೀಲವ್ವನ ಉಗುರು ನನ್ನ ತೋಳಿಗೆ ಇಳಿದಿತ್ತು. “ಸತ್ತೈತೇನ? ಖರೇ ಹೇಳ...” ಎನ್ನುತ್ತಿದ್ದಳು. ಫಕೀರಪ್ಪ ಮುಂದೆ ಕೂತು ಅಳುತ್ತಿದ್ದ. ಡಾಂಬರು ರಸ್ತೆ ಬಂತು.

ಟಕ.

ಇಷ್ಟೇ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

ಟಕ... ಟಕ-ಟಕ... ಟಕ-ಟಕ...

ಬಿದಿರನ್ನು ಹೊಟ್ಟೆಗೆ ಒತ್ತಿದೆ. ಒಳಗೂ ಶುರುವಾಗಿತ್ತು. ಕಿವಿ ತೆಗೆದರೆ ತಗಡಿನಿಂದ, ಇಟ್ಟರೆ ಹೊಟ್ಟೆಯಿಂದ. ಒಂದು ಏಟೂ ಹಿಂದೆ ಮುಂದೆ ಇಲ್ಲ. ಕೂಸು ಬದುಕಿದೆ ಎಂದು ಸಂತೋಷ ಆಗಬೇಕಿತ್ತು. ನನಗೆ ಕೂದಲು ನೆಟ್ಟಗಾಯಿತು.

“ಇಮಾಮಸಾಬ,” ಎಂದು ಕೂಗಿದೆ, “ಎಲ್ಲೂ ನಿಂದ್ರಬ್ಯಾಡ. ಆ ಸಪ್ಪಳ ನಿಲ್ಲಿಸಬ್ಯಾಡ!”

ಅವನು ತಿರುಗದೆ, ಮೆಲ್ಲಗೆ ಹೇಳಿದ. “ಅದನ್ನ ನಾ ಬಡಸಾಕ ಹತ್ತಿಲ್ಲವ್ವಾ...”

ಯಲ್ಲಾಪುರ ಮುಟ್ಟಿದೆವು. ದವಾಖಾನೆಯ ಅಂಗಳದಲ್ಲಿ ಎಂಜಿನ್ ಬಂದ್ ಆಯಿತು. ನೀಲವ್ವನನ್ನು ಕೌದಿ ಸಮೇತ ಎತ್ತಿ ಒಳಗೆ ಒಯ್ದೆವು. ಖಾಲಿ ಜೀಪು ಅಂಗಳದಲ್ಲಿ ನಿಂತೇ ಬಡಿಯುತ್ತಿತ್ತು. ಇಮಾಮಸಾಬ ಅದರಿಂದ ಹತ್ತು ಮಾರು ದೂರ ಮೆಟ್ಟಿಲ ಮೇಲೆ ಕೂತ. ಹತ್ತಿರ ಹೋಗಲೂ ಆಗದು, ಬಿಟ್ಟು ಹೋಗಲೂ ಆಗದು.

ನರ್ಸಮ್ಮ ಘಟ್ಟದ ಕೆಳಗಿನವಳು. ಹೊಟ್ಟೆ ಮುಟ್ಟಿದವಳೇ, “ಎಂತ ಮಾರಾಯ್ತಿ, ಇಷ್ಟು ಹೊತ್ತು ಮನೇಲಿ ಇಟ್ಟುಕೊಂಡು ಎಂತ ಮಾಡ್ತಿದ್ದಿ?” ಎಂದು ನನಗೆ ಬೈದಳು. ಬೈಸಿಕೊಂಡೆ. ಡಾಕ್ಟರು ಬಂದರು. ಒಳಗೆ ಕೈ ಹಾಕಿ ಕೂಸನ್ನು ಹೊರಳಿಸಿ, ಕಾಲು ಹಿಡಿದು ಎಳೆಯತೊಡಗಿದರು. ನಾನು ಮೂಲೆಯಲ್ಲಿ ದೀಪ ಹಿಡಿದು ನಿಂತಿದ್ದೆ. ಕಿಟಕಿಯಾಚೆ ಜೀಪು. ಟಕ-ಟಕ... ಟಕ-ಟಕ...

“ಹೊರಗೆ ಅದೆಂತ ಶಬ್ದ?” ಎಂದಳು ನರ್ಸಮ್ಮ.

ನಾನು ದೀಪವನ್ನು ಇನ್ನಷ್ಟು ಹತ್ತಿರ ಹಿಡಿದೆ.

ಕೂಸಿನ ತಲೆ ಹೊರಗೆ ಬಂದದ್ದೇ ಸಪ್ಪಳ ನಿಂತಿತು. ಕಿಟಕಿಯ ಸರಳಿನಲ್ಲಿ ಇಮಾಮಸಾಬನ ಮೋರೆ ಕಾಣಿಸಿತು.

“ದ್ಯಾಮವ್ವ... ನಿಂತು ಬಿಡ್ತು.”

ಡಾಕ್ಟರ ಕೈಯಲ್ಲಿ ಕೂಸು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಜೋತುಬಿದ್ದಿತ್ತು. ತಲೆಕೆಳಗು ಮಾಡಿದರು. ಬೆನ್ನಿಗೆ ಹೊಡೆದರು. ಬಾಯಿಗೆ ಬಾಯಿ ಇಟ್ಟು ಊದಿದರು. ಎಷ್ಟು ಹೊತ್ತೋ. ನೀಲವ್ವ ಕೂಡ ನರಳುವುದನ್ನು ಬಿಟ್ಟು ಕೇಳುತ್ತಿದ್ದಳು...

ಅತ್ತಿತು. ಗಂಡು.

ಮರುದಿನ ಇಮಾಮಸಾಬ ಪೇಟೆಯ ಮಿಸ್ತ್ರಿಯನ್ನು ಕೂರಿಸಿಕೊಂಡು ಜೀಪಿನ ತಳ ಬಿಚ್ಚಿಸಿದ. ತಗಡಿನ ನಟ್ಟು ಬೋಲ್ಟುಗಳೆಲ್ಲ ತುಕ್ಕು ಹಿಡಿದು ಬಿಗಿಯಾಗಿದ್ದವು. ಅದರಲು ಕೂದಲಷ್ಟೂ ಜಾಗವಿರಲಿಲ್ಲ. ಸಂಜೆ ಅವನು ದವಾಖಾನೆಗೆ ಬಂದು, ಯಾರೂ ಇಲ್ಲದಾಗ ಕೇಳಿದ.

“ಕೂಸಿನ ಬಡಿತ ಗಾಡಿಗೆ ಬಂದಿತ್ತೋ... ಇಲ್ಲಾ ಗಾಡ್ಯಾಗ ಇದ್ದದ್ದು ಏನರ ಕೂಸಿನೊಳಗ ಹೋಗಿ ಕುಂತೈತೋ?”

“ಹುಚ್ಚುಚ್ಚಾರ ಮಾತಾಡಬ್ಯಾಡ,” ಎಂದೆ. ಅವನು ವಾರದೊಳಗೆ ಆ ಕೆಲಸ ಬಿಟ್ಟು ಹುಬ್ಬಳ್ಳಿಗೆ ಹೋದ.

ನಾನು ಹೆರಿಗೆ ಮಾಡಿಸಿದ ಮನೆಯಲ್ಲಿ, ಕೂಸಿಗೆ ಮೊದಲ ನೀರು ಹಾಕಿದ ಮೇಲೆ ಅದರ ಎದೆಗೆ ಒಮ್ಮೆ ಕಿವಿ ಇಟ್ಟು ತಾಯಿಯ ಮಗ್ಗುಲಿಗೆ ಹಾಕುವುದು ಪದ್ಧತಿ. ಅವತ್ತು ದವಾಖಾನೆಯಲ್ಲಿ ನೀಲವ್ವನೂ ಹಾಗೇ ಕೇಳಿದಳು. “ನೀರು ಹಾಕವ್ವಾ, ಎದಿ ಕೇಳ,” ಎಂದಳು. ಕೈ ನೋಯುತ್ತಿದೆ ಎಂದು ನರ್ಸಮ್ಮನಿಗೆ ಒಪ್ಪಿಸಿದೆ.

ಆ ಹುಡುಗನಿಗೆ ಈಗ ಮೊಮ್ಮಕ್ಕಳಾಗುವ ವಯಸ್ಸು. ಒಂದು ಕೆಮ್ಮು ನೆಗಡಿ ಬಂದವನಲ್ಲ. ಪ್ರತಿ ವರ್ಷ ದೀಪಾವಳಿಗೆ ಬಂದು ಕಾಲಿಗೆ ಬೀಳುತ್ತಾನೆ. ಹೋದ ಸಲ, “ಆಯಿ, ನಿನ್ನಿಂದನ ನಾ ಉಳದೀನಿ,” ಎಂದು ತಬ್ಬಿಕೊಳ್ಳಲು ಬಗ್ಗಿದ.

“ಅಲ್ಲೇ ನಿಂದ್ರ,” ಎಂದೆ.

ಅವನ ಮೋರೆ ಸಣ್ಣದಾಯಿತು. ಆಗಲಿ. ಅವನ ಎದೆಗೆ ನನ್ನ ಕಿವಿ ತಾಗುವಷ್ಟು ಹತ್ತಿರ ಇವತ್ತಿನವರೆಗೆ ಅವನನ್ನು ಬಿಟ್ಟುಕೊಂಡಿಲ್ಲ.