ಹಡಗಿಗೆ ಮುಂಚೆ ಜಾವಳ

ಗೆಳೆಯರೇ, ಕೌಜಲಗಿಯ ನಮ್ಮ ಮನೆಯಲ್ಲಿ ಇವತ್ತು ಮುಂಜಾನೆ ಅಣ್ಣನ ಎರಡು ವರ್ಷದ ಮಗ ಮಲ್ಲುವಿನ ಜಾವಳ ತೆಗೆದರು. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲಿನೊಂದಿಗೆ ಮಗು ಸಮುದ್ರ ದಾಟಬಾರದೆಂಬುದು ಅಜ್ಜಿಯ ಹಟ. ಅಣ್ಣನಿಗೆ ಆಫ್ರಿಕಾದ ಮೊಂಬಾಸಾದಲ್ಲಿ ನೌಕರಿ. ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಅವನು ಈ ವಾರವೇ ಬೊಂಬಾಯಿಯಲ್ಲಿ ಹಡಗು ಹತ್ತಬೇಕು.

ಮಲ್ಲು ತನ್ನ ಬೋಳು ತಲೆ ಸವರಿಕೊಳ್ಳುತ್ತಿದ್ದಾಗ ನನಗೆ ಪಾಸ್‌ಪೋರ್ಟಿನ ಫೋಟೋ ನೆನಪಾಯಿತು. ಅದರಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿಯ ತೊಡೆಯ ಮೇಲೆ ಎರಡು ಜಡೆ ಹಾಕಿಸಿಕೊಂಡು, ಮಲ್ಲಿಗೆ ಮುಡಿದು ಕುಳಿತವನು ಇವನೇ. ಆ ಫೋಟೋ ಅಂಟಿಸಿ ಅರ್ಜಿ ತುಂಬಿದವನು ನಾನು.

"ಬಂದರದಾಗ ಸಾಹೇಬ ಈ ಹುಡುಗಿ ಎಲ್ಲಿ ಅಂತ ಕೇಳಿದ್ರ?" ಎಂದೆ.

"ಕಾಲೇಜಿಗೆ ಹೋಗಿ ಅಂಜೂದಷ್ಟ ಕಲತಿ ನೋಡ" ಎಂದು ಅಣ್ಣ ನಕ್ಕ. ಫೋಟೋ ತೆಗೆದ ಮೇಲೆ ಅವನೂ ಅದನ್ನೊಮ್ಮೆ, ಮಗನ ಬೋಳು ತಲೆಯನ್ನೊಮ್ಮೆ ನೋಡತೊಡಗಿದ.

ವೈನಿ ಮಗುವನ್ನು ಅವಚಿಕೊಂಡು, "ಇವನ್ನ ತಡದ್ರ ನಾನೂ ಹಡಗ ಹತ್ತಂಗಿಲ್ರಿ" ಎಂದರು.

ಹೊಳೆಗೆ ಬಿಡಲು ಕಟ್ಟಿಟ್ಟಿದ್ದ, ಎರಡು ಜಡೆ ಹಾಗೇ ಇದ್ದ ಕೂದಲಿನ ಗಂಟನ್ನು ಅಜ್ಜಿ ಬಹಳ ಹೊತ್ತು ಕೈಯಲ್ಲೇ ಹಿಡಿದು ಕುಳಿತಳು. ಕೂದಲು ನಮ್ಮ ಹೊಳೆ ಸೇರದಿದ್ದರೆ ಜಾವಳ ಮುಗಿದಂತಲ್ಲ ಎನ್ನುವವಳು ಅವಳು. ಕಡೆಗೆ ಗಂಟನ್ನು ಅಣ್ಣನ ಮುಂದಿಟ್ಟಳು.

"ಸಾಹೇಬಗ ಇದನ್ನ ತೋರಸ್ರೆಪಾ. ಅಂವ ನೋಡಿದ ಮ್ಯಾಲ ಸಮುದ್ರದಾಗ ಬಿಡ್ರಿ. ಅದೂ ನೀರ ಐತಲ್ಲ."

ಈಗ ಸಾಹೇಬರಿಗೆ ಇಂಗ್ಲಿಷಿನಲ್ಲಿ ವಿವರಣೆ ಬರೆಯುತ್ತ ಕುಳಿತಿದ್ದೇನೆ. ಹಾಸ್ಟೆಲಿನಲ್ಲಿ ನಮಗೆ ಹತ್ತು ನಮೂನೆಯ ಅರ್ಜಿ ಬರೆಸಿದ್ದಾರೆ, ಖರೆ. ಆದರೆ ಕೊನೆಯಲ್ಲಿ 'ಲಗತ್ತು: ಎರಡು ಜಡೆ' ಎಂದು ಬರುವ ಅರ್ಜಿಯನ್ನು ಯಾರೂ ಕಲಿಸಲಿಲ್ಲ.