ಖಜೀರ್ ಕಾಕ ಎಳೆದ ಮೂರು ಗೆರೆ

ನಮ್ಮ ಹಲ್‌ಮುಲ್ಲಾದ ಕಾರ್ಖಾನೆಯಲ್ಲಿ ಕ್ರಿಕೆಟ್ ಬ್ಯಾಟಿಗೆ ದರ್ಜೆ ಕೊಡುವ ಕೆಲಸ ಇಪ್ಪತ್ತೆಂಟು ವರ್ಷದಿಂದ ಖಜೀರ್ ಮೊಹಮ್ಮದರದೇ. ಊರಿಗೆಲ್ಲ ಅವರು ಖಜೀರ್ ಕಾಕ. ನಾನು ಹಿಡಿ ಕೂರಿಸುವವನು. ನನ್ನ ಕೈ ದಾಟಿದ ಬ್ಯಾಟು ಅವರ ಕೈಗೆ ಹೋಗುತ್ತದೆ. ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ತೂಗುಬಿಟ್ಟು, ಮರದ ಸುತ್ತಿಗೆಯಿಂದ ಕೆಳಗಿನಿಂದ ಮೇಲಕ್ಕೆ ಬಡಿಯುತ್ತ ಬರುತ್ತಾರೆ. ಆಮೇಲೆ ಅದರ ಮೇಲೆ ನಾಲ್ಕು ಸಲ ಚೆಂಡು ಕುಣಿಸಿ, ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ಮೂರು ಗೆರೆಯೆಂದರೆ ಮೇಲ್ದರ್ಜೆ; ಒಂದೇ ಗೆರೆಯಾದರೆ ಟೆನಿಸ್ ಚೆಂಡಿಗಷ್ಟೇ ಸಾಕು. ಬಡಿದ ಸದ್ದು ಕೇಳಿಯೇ ಬ್ಯಾಟಿನ ಗುಣ ಹೇಳುತ್ತಾರೆಂದು ಸಂಗಮದಿಂದ ಬಿಜ್‌ಬೆಹರಾದವರೆಗೆ ಖಜೀರ್ ಕಾಕನ ಕಿವಿಯೆಂದರೆ ಹೆಸರುವಾಸಿ.

ಕಳೆದ ಏಪ್ರಿಲ್‌ನಲ್ಲಿ ಜಲಂಧರಿನಿಂದ ಹರ್‌ಕೀರತ್ ಸಿಂಗ್ ಎಂಬ ನಮ್ಮ ಹಳೆಯ ವ್ಯಾಪಾರಿ ಬಂದರು. ಒಂದು ಕಾಲಕ್ಕೆ ತಾವೇ ದೊಡ್ಡ ಪಂದ್ಯಗಳನ್ನಾಡಿದವರು. ಅವರ ಲಾರಿ ಅಂಗಳದಲ್ಲಿ ಹಿಂದಕ್ಕೆ ಬರುತ್ತಿತ್ತು. ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ಬೆನ್ನು ಹಾಕಿ ಕೂತಿದ್ದ ಕಾಕ ಅಲುಗಲಿಲ್ಲ. ನಾನು ಓಡಿಹೋಗಿ ಅವರ ಫೆರನ್ ನಿಲುವಂಗಿ ಹಿಡಿದೆಳೆದೆ. ಇಬ್ಬರೂ ಮರದ ಹೊಟ್ಟಿನ ರಾಶಿಯ ಮೇಲೆ ಬಿದ್ದೆವು.

"ಏನ್ ಕಾಕ, ಹಾರ್ನ್ ಕೇಳಿಸ್ಲಿಲ್ವಾ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಇಲ್ಲ ಕಣೋ ಅಲ್ತಾಫ್. ಗರಗಸದ ಸದ್ದು ಕಿವಿ ತಿಂದು ಹನ್ನೆರಡು ವರ್ಷ ಆಯ್ತು."

ಯಂತ್ರಗಳ ಗದ್ದಲದಲ್ಲಿ ಎಲ್ಲರೂ ಕೂಗಿ, ಕೈಸನ್ನೆ ಮಾಡಿಯೇ ಮಾತಾಡುವುದರಿಂದ ನಮಗೆ ತಿಳಿದೇ ಇರಲಿಲ್ಲ. ಮಾಲೀಕ ತನ್ವೀರನ ಮುಖ ಬಿಳಿಚಿಕೊಂಡಿತು. ಸರ್ದಾರ್‌ಜಿ ಜೋರಾಗಿ ನಕ್ಕರು. "ಇಷ್ಟ್ ವರ್ಷ ಕಿವುಡನ ಕಿವಿ ನಂಬ್ಕೊಂಡು ಮಾಲು ಒಯ್ದೆನಾ ನಾನು?"

ಕಾಕ ಹೊಟ್ಟು ಕೊಡವಿಕೊಂಡು ಎದ್ದರು. "ಕಿವಿ ಕಿವಿ ಅಂದೋರು ನೀವು. ನಾನ್ ಯಾವತ್ತಾದ್ರೂ ಅಂದಿದ್ನಾ? ಏಟು ಸರಿಯಾದ ಜಾಗಕ್ಕೆ ಬಿದ್ರೆ ಹಿಡಿ ನಡುಗಲ್ಲ, ಸರ್ದಾರ್‌ಜಿ. ಆ ಜಾಗ ಎಷ್ಟಗಲ ಇದೆ ಅಂತ ಬೆರಳು ಹೇಳುತ್ತೆ. ಚೆಂಡು ಎಷ್ಟು ಪುಟಿಯುತ್ತೆ ಅಂತ ಕಣ್ಣು ಹೇಳುತ್ತೆ. ಹನ್ನೆರಡು ಬ್ಯಾಟ್ ಆರಿಸ್ಕೊಡಿ, ತೋರಿಸ್ತೀನಿ."

ಸರ್ದಾರ್‌ಜಿ ಹನ್ನೊಂದು ಚೆಂದದ ಬ್ಯಾಟು ಆರಿಸಿದರು. ಹನ್ನೆರಡನೆಯದಕ್ಕೆ ಬೇಕೆಂದೇ ಅಂಚಿನಲ್ಲಿ ಕಪ್ಪು ಕಲೆಯಿದ್ದದ್ದನ್ನು ಎಳೆದರು. ಕಾಕ ಒಂದೊಂದನ್ನೂ ಬಡಿದು, ಚೆಂಡು ಕುಣಿಸಿ, ಒಳ್ಳೆಯದು ಮೊದಲು ಬರುವಂತೆ ಗೋಡೆಗೆ ಒರಗಿಸಿದರು. ಕಲೆಯ ಬ್ಯಾಟು ಎಲ್ಲಕ್ಕಿಂತ ಮುಂದೆ ನಿಂತಿತು.

"ಇದಾ? ಮರದ ಎಳೆ ಎಂಟಾದ್ರೂ ಇರ್ಬೇಕು, ಇದ್ರಲ್ಲಿ ನಾಲ್ಕೇ ಇದಾವೆ. ಮೇಲೆ ಕಲೆ ಬೇರೆ!"

"ಕಲೆ ಕಂಡು ಚೆಂಡೇನು ಹೆದರ್ಕೊಳ್ಳುತ್ತಾ?"

ನಾನು ಬ್ಯಾಟುಗಳನ್ನು ಒಂದಾದಮೇಲೊಂದರಂತೆ ಬೆಂಚಿಗೆ ಬಿಗಿದೆ. ಚೆಂಡು ಪ್ರತಿ ಸಲ ಒಂದೇ ಜಾಗಕ್ಕೆ ಬೀಳಲೆಂದು ಮಹಡಿಯ ಕಿಟಕಿಯಿಂದ ಪೈಪು ಇಳಿಬಿಟ್ಟು, ಅದರ ಬಾಯಿ ಆಳೆತ್ತರದಲ್ಲಿ ನಿಲ್ಲುವಂತೆ ಕಟ್ಟಿದೆವು. ತನ್ವೀರ್ ಮೇಲಿನಿಂದ ಒಂದೇ ಚರ್ಮದ ಚೆಂಡನ್ನು ಪ್ರತಿ ಬ್ಯಾಟಿನ ಮೇಲೂ ಐದೈದು ಸಲ ಬಿಟ್ಟ. ಅದು ಪುಟಿದೆದ್ದ ಎತ್ತರವನ್ನು ಸರ್ದಾರ್‌ಜಿ ಹಿಂದಿನ ಹಲಗೆಯ ಮೇಲೆ ಇದ್ದಿಲಿನಿಂದ ಗುರುತು ಹಾಕುತ್ತ ಹೋದರು. ಕೆಲಸ ಬಿಟ್ಟು ಕಾರ್ಖಾನೆಯೇ ಸುತ್ತ ನೆರೆದಿತ್ತು.

ಕಲೆಯ ಬ್ಯಾಟಿನ ಗುರುತು ಎಲ್ಲಕ್ಕಿಂತ ಎರಡು ಬೆರಳು ಮೇಲಿತ್ತು! ಉಳಿದವೂ ಕಾಕ ಇಟ್ಟ ಸಾಲಿನಂತೆಯೇ ಬಂದವು. ಒಂಬತ್ತನೆಯದು, ಹತ್ತನೆಯದು ಮಾತ್ರ ಅದಲುಬದಲಾಗಿದ್ದವು. ಕಾಕ ಆ ಎರಡನ್ನೂ ಮತ್ತೆ ಬಡಿದು ನೋಡಿ, "ಅವಸರ ಮಾಡ್ಬಿಟ್ಟೆ. ತಪ್ಪು ನಂದೇ" ಎಂದು ತಾವೇ ಜಾಗ ಬದಲಿಸಿದರು.

ಸರ್ದಾರ್‌ಜಿ ಅವರ ಎದುರಿಗೆ, ತುಟಿ ಕಾಣುವಂತೆ ನಿಂತರು. "ಇಂಥ ಬ್ಯಾಟ್ ಆಗ ಸಿಕ್ಕಿದ್ರೆ ಇನ್ನೂ ನಾಲ್ಕು ವರ್ಷ ಆಡ್ತಿದ್ದೆ, ಕಾಕ."

ಕಾಕ ಅವರ ಹೊಟ್ಟೆಯ ಕಡೆ ನೋಡಿದರು. "ಬ್ಯಾಟ್ ಹೊಡೆಯುತ್ತೆ ಅಷ್ಟೆ. ಓಡೋರು ನೀವಲ್ವಾ?"

ಸರ್ದಾರ್‌ಜಿಯೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕರು. ಕಲೆಯಿರಲಿ ಬಿಡಲಿ, ಮೂರು ಗೆರೆಯ ಬ್ಯಾಟನ್ನೆಲ್ಲ ಒಯ್ದರು. ಆ ಗೆರೆಗಳ ಮೇಲೆ ಕಂಪನಿಯ ಸ್ಟಿಕ್ಕರ್ ಅಂಟಿಸಕೂಡದು ಎಂಬ ಕರಾರು ಅವರದೇ.

ಸಂಜೆ ಉಪ್ಪಿನ ಚಹಾ ಕುಡಿಯುತ್ತ ನಾನು ಕೇಳಿದೆ, "ಯಾಕ್ ಮುಚ್ಚಿಟ್ರಿ ಕಾಕ?"

"ಹೇಳಿದ್ರೆ ನಾಳೆಯಿಂದ ಬರ್ಬೇಡ ಅಂತಾರೇನೋ ಅಂತ ಭಯ ಇತ್ತು ಕಣೋ."

"ನೀವ್ ಬರ್ದೇ ಇದ್ರೆ ನಾನ್ ಕಾರ್ಖಾನೆ ಬಾಗ್ಲು ಹಾಕ್ಬೇಕು," ಎಂದ ತನ್ವೀರ್.

ಈಗ ನಾನೂ ಆ ಕೆಲಸ ಕಲಿಯುತ್ತಿದ್ದೇನೆ. ಕಾಕ ನನ್ನ ಕಿವಿಗೆ ಹತ್ತಿ ತುರುಕಿ ಕೂರಿಸಿದ್ದಾರೆ. ನಿನ್ನೆ ಹದಿನೈದು ಬ್ಯಾಟಿನಲ್ಲಿ ಹನ್ನೊಂದರ ದರ್ಜೆ ಸರಿ ಹೇಳಿದೆ.