ಹುರಳಿ ಹಾಸಿದ ರಸ್ತೆ

ಕಾರಿನ ಅಡಿಯಲ್ಲಿ ಸುತ್ತಿಕೊಂಡ ಹುರಳಿ ಬಳ್ಳಿ ತೆಗೆಸಲು ನನಗೆ ನಾನೂರು ರೂಪಾಯಿ ಬಿತ್ತು. ಕೊಪ್ಪಳದ ಮೆಕ್ಯಾನಿಕ್ ಕೇಳಿದ್ದು ಆರುನೂರು. ಕೆಳಗೆ ಮಲಗಿ ದುಡಿಯುವವನ ಜೊತೆ ಮೇಲೆ ನಿಂತು ಚೌಕಾಶಿ ಮಾಡಬಾರದು ಎಂದು ಗೊತ್ತಿದ್ದೂ ಮಾಡಿದೆ, ಚಟ ನೋಡಿ. ಕುಷ್ಟಗಿ ಕಡೆಯಿಂದ ಬರುವಾಗ ಯಾರೋ ಒಕ್ಕಣೆಗೆಂದು ರಸ್ತೆಯ ಮೇಲೆ ಹಾಸಿದ್ದ ಹುರಳಿಯನ್ನು ಹಾಯ್ದಿದ್ದೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಕಿತ್ತ ಬೆಳೆಯನ್ನು ಡಾಂಬರಿನ ಮೇಲೆ ಹರಡಿಬಿಟ್ಟರೆ ಹೋಗಿಬರುವವರ ಗಾಲಿಗಳು ಪುಕ್ಕಟೆ ಒಕ್ಕಿಕೊಡುತ್ತವೆ. ಬಳ್ಳಿ ಸೈಲೆನ್ಸರಿಗೆ ಸುತ್ತಿ, ಕಾದು, ಸಣ್ಣಗೆ ಹೊಗೆಯಾಡುತ್ತಿತ್ತು.

"ಇನ್ನ ಸ್ವಲ್ಪ ದೂರ ಓಡಿಸಿದ್ರ ಗಾಡಿ ಹೋಳಿ ಕಾಮಣ್ಣ ಆಗಿ ಸುಡ್ತಿತ್ರಿ ಯಜಮಾನ್ರ," ಎಂದ ಮೆಕ್ಯಾನಿಕ್.

ಅವನು ಎಳೆದು ಹಾಕಿದ ಬಳ್ಳಿಯಿಂದ ಹುರಳಿ ಹುರಿದಂಥ, ಮಣ್ಣು ಸುಟ್ಟಂಥ ವಾಸನೆ ಬರುತ್ತಿತ್ತು. ಆ ವಾಸನೆ ನನ್ನನ್ನು ಕೆಲವು ವರ್ಷಗಳ ಹಿಂದಿನ ಇನ್ನೊಂದು ಕಾರಿನ ಬಳಿಗೆ ಕರೆದೊಯ್ದಿತು.

ನಾನು ಬೆಳೆದದ್ದು ಗಂಗಾವತಿಯ ಅಕ್ಕಿ ಗಿರಣಿಗಳ ಬಾಗಿಲಲ್ಲಿ, ಖಾಲಿ ಗೋಣಿಚೀಲ ಕೊಂಡು ಮಾರುತ್ತ. ಹರಿದ ಚೀಲವನ್ನು ಹರಿದದ್ದೆಂದೇ ಹೇಳಿ ಮಾರಿದರೆ ಗಿರಾಕಿ ಮುಂದಿನ ಸಲ ಒಳ್ಳೆಯದಕ್ಕೂ ನಿನ್ನ ಹತ್ತಿರವೇ ಬರುತ್ತಾನೆ. ನನ್ನ ವಿದ್ಯೆಯೆಲ್ಲ ಇಷ್ಟೇ. ಚೀಲದಿಂದ ಗೋದಾಮಿಗೆ, ಗೋದಾಮಿನಿಂದ ಜಾಗ ತೋರಿಸುವ ಕಸುಬಿಗೆ ಏರಿದೆ. ಏರಿದ ಮೇಲೆ ಇಸ್ತ್ರಿ ಅಂಗಿ ಬಂತು, ಇಸ್ತ್ರಿ ಅಂಗಿಯ ಜೊತೆ ಇಸ್ತ್ರಿ ಮಾತೂ ಬಂತು.

ಆಗ ಸೋಲಾಪುರದಿಂದ ಒಬ್ಬ ಸಾಹುಕಾರರು ಬಂದರು. ರಟ್ಟಿನ ಪೆಟ್ಟಿಗೆ ಮಾಡುವವರು. ಕುಷ್ಟಗಿಯ ದಾಳಿಂಬೆಗೆ ಪೆಟ್ಟಿಗೆ ದೂರದಿಂದ ಬರುತ್ತಿತ್ತು, ಬಾಡಿಗೆ ತಿನ್ನುತ್ತಿತ್ತು, ಮಳೆಯಲ್ಲಿ ನೆನೆಯುತ್ತಿತ್ತು. ಇಲ್ಲೇ ಒಂದು ಕಾರ್ಖಾನೆ ಹಾಕಿದರೆ ಹೇಗೆ ಎಂಬ ಯೋಚನೆ ಅವರದು. ವಿಜಯಪುರದ ಕಡೆ ಒಂದು ಜಾಗ ಆಗಲೇ ನೋಡಿಟ್ಟಿದ್ದರು. ನಾನು ತೋರಿಸಹೊರಟದ್ದು ಯಲಬುರ್ಗಾ ತಾಲೂಕಿನಲ್ಲಿ, ನನ್ನ ಸೋದರಮಾವನ ಊರ ಪಕ್ಕದ ಬೀಳು ಭೂಮಿ. ದಾರಿಯುದ್ದಕ್ಕೂ ಹೊಗಳಿದೆ: ಭೂಮಿ ಅಗ್ಗ, ಕೂಲಿ ಅಗ್ಗ, ಕರೆಂಟು ಹತ್ತಿರ, ರಸ್ತೆಯಂತೂ ಕನ್ನಡಿ. ಅವರು "ಹ್ಞೂಂ" ಅನ್ನುತ್ತಿದ್ದರು. ಗಿರಾಕಿಯ ಹ್ಞೂಂಕಾರಕ್ಕೆ ಅರ್ಥವಿಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

ತಿರುವು ದಾಟಿದರೆ ಕನ್ನಡಿಯ ಮೇಲೆ ಊರಿನ ಹುರಳಿಯೆಲ್ಲ ಮಲಗಿತ್ತು. ಡ್ರೈವರ್ ಬ್ರೇಕ್ ಹಾಕಿದ. ಹೆಂಗಸರು ಕೈಬೀಸಿದರು.

"ನಿಲ್ಲಿಸಬ್ಯಾಡ್ರೀ, ಹಾಯಿಸ್ರಿ! ದೊಡ್ಡ ಗಾಡಿ ಐತಿ, ಹಿಂದಕ ಹೋಗಿ ಮತ್ತೊಂದ ಸಲ ಬರ್ರಿ, ಛಲೋ ಒಕ್ಕತೈತಿ!"

ಡ್ರೈವರ್ ಹಾಯಿಸಿದ. ಬಳ್ಳಿ ಸುತ್ತಿ ಕಾರಿನ ಅಡಿಯಿಂದ ಹೊಗೆ ಎದ್ದಿತು. ಸಾಹುಕಾರರು ಇಳಿದರು. ನಾನೂ ಹಾರಿ ಇಳಿದು, "ಇವತ್ತೊಂದ ದಿನಾ ರೀ. ನಾಳಿ ನೋಡ್ರಿ, ರಸ್ತಾ ಸಾಫ್," ಎಂದೆ.

"ಯಾಕ ಸುಳ್ಳ ಹೇಳ್ತೀಯೋ ಅಳಿಯಾ?" ಎಂದಿತು ಒಂದು ದನಿ. ಸೋದರಮಾವನ ಹೆಂಡತಿ, ಫಕೀರವ್ವ ಅತ್ತೆ. "ಇನ್ನ ತೊಗರಿ ಬರೂದೈತಿ, ಕಡ್ಲಿ ಬರೂದೈತಿ. ಯುಗಾದಿ ತನಕಾ ಇದ ಹಾಸಿಗಿ."

ಇಸ್ತ್ರಿ ಅಂಗಿಯೊಳಗೆ ಬೆವರಿದೆ. ಸಾಹುಕಾರರು ಮಾತ್ರ ರಸ್ತೆಯಂಚಿನಲ್ಲಿ ತೂರಿ ಗುಡ್ಡೆ ಹಾಕಿದ್ದ ಕಾಳಿನ ಕಡೆ ನಡೆದರು.

"ಏ, ಬೂಟ ಬಿಚ್ಚರಿ! ರಾಶಿ ಐತಿ, ದೇವ್ರಿದ್ದಂಗ!"

ಅತ್ತೆ ಗದರಿದಳು ಅಂದರೆ ಗದರಿದಳೇ. ಮುಗಿಯಿತು ವ್ಯವಹಾರ ಎಂದುಕೊಂಡೆ. ಆ ಮನುಷ್ಯ ಬಗ್ಗಿ ಲೇಸು ಬಿಚ್ಚಿದರು. ರಾಶಿಯ ಮೇಲೆ ಬೂದಿಯಲ್ಲಿ ಎಳೆದ ಗೆರೆಗಳಿದ್ದವು. ಅದೇನೆಂದು ಕೇಳಿದರು.

"ಬೂದಿರಿ. ಯಾರರ ಕೈ ಹಾಕಿದ್ರ ಗೆರಿ ಕೆಡತೈತಿ."

"ಕಾವಲಿಗೆ ಯಾರ ಇರ್ತಾರವ್ವಾ?"

"ಅದ ಕಾವಲು. ನಾ ಇಲ್ಲಿ ಕುಂತ್ರ ಮೊಮ್ಮಗಳನ್ನ ಯಾರ ನೋಡ್ಬೇಕು? ಸೊಸಿ ಶಾಂತವ್ವ ಭತ್ತದ ನಾಟಿ ಹಚ್ಚಾಕ ಗಂಗಾವತಿಗೆ ಹೋಗ್ಯಾಳ. ಹಂಗಾಮ ಮುಗಿಸಿ ಬರೂದ್ರಾಗ ಆ ಕೂಸು ಅವ್ವನ್ನ ನೋಡಿ ನನ್ನ ಸೆರಗಿನ ಹಿಂದ ಅಡಗತೈತ್ರಿ."

ಸಾಹುಕಾರರು ಗೆರೆ ಕೆಡದಂತೆ ರಾಶಿಯನ್ನು ಒಂದು ಸುತ್ತು ಬಂದರು. ಆಮೇಲೆ ಹೇಳಿದ್ದು ಕಾಸಿನ ಮಾತೇ: "ಬೂದಿ ಛಲೋ ಐತಿ ಅವ್ವಾ. ಆದ್ರ ನನ್ನ ಲಾರಿ ತುಂಬ ರಟ್ಟು ಇರತೈತಿ. ಬಳ್ಳಿ ಸುತ್ತಿ ಬೆಂಕಿ ಹತ್ತಿದ್ರ? ಇಂಥಾ ರಸ್ತಾದಾಗ ನಾ ಕಾರ್ಖಾನಿ ಹಾಕಂಗಿಲ್ಲ."

ಅತ್ತೆ ಮೊರ ಕೆಳಗಿಟ್ಟಳು. "ಕಾರ್ಖಾನಿ ಮುಂದ ಸಿಮೆಂಟ್ ಅಂಗಳ ಮಾಡ್ತೀರೇನ್ರಿ?"

"ಲಾರಿ ತಿರುಗಾಕ ಬೇಕಲ್ಲ."

"ಐತವಾರ ಲಾರಿ ಬರ್ತಾವ?"

"ಇಲ್ಲ, ರಜಾ."

"ಹಂಗಾದ್ರ ಸುಗ್ಗ್ಯಾಗ ಐತವಾರ ಅಂಗಳ ನಮಗ ಕೊಡ್ರಿ. ರಸ್ತಾ ವರ್ಷಪೂರ್ತಿ ನಿಮಗ."

"ಅಂಗಳ ಇನ್ನೂ ಕಟ್ಟಿಲ್ಲವ್ವಾ."

"ಕಟ್ಟೂ ತನಕಾ ಬಂಡೆಗಲ್ಲ ಮ್ಯಾಲ ಬಡೀತೀವಿ. ಆದ್ರ ನನ್ನ ಸೊಸಿಗೆ ಕೆಲಸಾ ಊರಾಗ ಬೇಕು."

ಗಿರಣಿ ಮಾಲೀಕರ ಜೊತೆ ಯಾರಿಗೂ ಕಾಣದಂತೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುರಿದವನು ನಾನು. ಇಷ್ಟು ಬೇಗ, ಇಷ್ಟು ಬಯಲಲ್ಲಿ ಕುದುರುವ ವ್ಯಾಪಾರವನ್ನು ಕಂಡಿರಲಿಲ್ಲ. ಆದರೆ ಕುದುರಿತೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಸಾಹುಕಾರರು ಬೂಟು ಹಾಕಿಕೊಂಡು "ನೋಡೋಣ" ಎಂದು ಹೊರಟುಹೋದರು.

ತೊಗರಿಯ ಕಾಲ ಬಂತು. ಸಾಹುಕಾರರ ಸುದ್ದಿಯಿಲ್ಲ. ಅತ್ತೆ ಮಾತ್ರ ಊರಿನ ಹೆಂಗಸರನ್ನು ಒಪ್ಪಿಸಿ ತೊಗರಿಯನ್ನೆಲ್ಲ ಊರಾಚೆಯ ಬಂಡೆಗೆ ಸಾಗಿಸಿದ್ದಳು. ಕೋಲಿನಿಂದ ಬಡಿದು ಬಡಿದು ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಕಾಳಿನಲ್ಲಿ ಹರಳು ಸೇರಿ ಅಡತಿಯ ದಲ್ಲಾಳಿ ದರ ಮುರಿದಿದ್ದ. ನಾನು ಹೋದಾಗ ಹೆಂಗಸರು ಮುತ್ತಿದರು. "ನಿನ್ನ ಸಾಹುಕಾರ ಬರಲಿಲ್ಲಂದ್ರ ತೊಗರಿ ಜೋಡಿ ನಿನ್ನೂ ಇಲ್ಲೇ ಬಡೀತೀವಿ ನೋಡು!" ನಗುತ್ತಲೇ ಅಂದರು, ಆದರೆ ಕೋಲು ಕೆಳಗಿಡಲಿಲ್ಲ. ಅತ್ತೆ ನಗಲೂ ಇಲ್ಲ. ಆಕೆ ಊರಿನ ಮುಂದೆ ತನ್ನ ಮಾತನ್ನು ಒತ್ತೆ ಇಟ್ಟಿದ್ದಳು.

ಒಂದು ಬೆಳಗ್ಗೆ ಸಾಹುಕಾರರ ಫೋನು ಬಂತು. "ನಿನ್ನೆ ನಿಮಗ ಹೇಳದ ಬಂದಿದ್ದೆ. ರಸ್ತಾದ ಮ್ಯಾಲ ಒಂದ ಕಾಳಿರಲಿಲ್ಲ. ಬಂಡೆಗಲ್ಲ ಮ್ಯಾಲ ಬಡಿಯೂದ ಕೇಳಸ್ತು. ಜಾಗಾ ಅಳತಿ ಮಾಡಸ್ರಿ."

ಮುಂದೊಮ್ಮೆ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ, ವಿಜಯಪುರದ ಜಾಗವನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಅಲ್ಲಿ ತೊಂದ್ರಿನ ಇಲ್ಲ ಅಂದ್ರು," ಎಂದರು. "ತೊಂದ್ರಿ ಇಲ್ಲದ ಜಾಗಾ ಅಂದ್ರ ನನಗ ಅಂಜಿಕಿ. ಬಾಯಿಮಾತಿಗೆ ರಸ್ತಾ ಬಿಟ್ಟ ಊರಾಗ ರೊಕ್ಕಾ ಹಾಕಬಹುದು." ಅಂದರೂ ಕಾರ್ಖಾನೆ ಎದ್ದ ಮೇಲೆ ಗೇಟಿಗೆ ಕಾವಲುಗಾರನನ್ನು ಇಟ್ಟುಕೊಂಡರು. ವ್ಯಾಪಾರಿ ಎಷ್ಟೆಂದರೂ ವ್ಯಾಪಾರಿಯೇ.

ಇತ್ತ ಕೊಪ್ಪಳದಲ್ಲಿ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ಎರಡು ಹೆಜ್ಜೆ ಹೋದವನು ತಿರುಗಿ ಬಂದು, ಮುರಿದುಕೊಂಡಿದ್ದ ಇನ್ನೂರನ್ನೂ ಅವನ ಕೈಗಿಟ್ಟೆ. ಅದಾದ ಮೇಲೆ ಮೊನ್ನೆ ಐತವಾರ ಆ ಊರಿಗೆ ಹೋದೆ. ಕಾರ್ಖಾನೆಯ ಅಂಗಳದ ತುಂಬ ಹುರಳಿ. ಕಂಪನಿಯ ಖಾಲಿ ಲಾರಿಯೇ, ಅತ್ತೆಯ ಕೂಗಿಗೆ ತಕ್ಕಂತೆ, ಅದರ ಮೇಲೆ ಸುತ್ತುತ್ತಿತ್ತು. ವಾರವಿಡೀ ಅಲ್ಲೇ ಪೆಟ್ಟಿಗೆ ಮಡಚುವ ಶಾಂತವ್ವ ಕಾಳು ತೂರುತ್ತಿದ್ದಳು. ನನ್ನನ್ನು ಕಂಡು ಅವಳ ಮಗಳು ಓಡಿಹೋಗಿ ಅಡಗಿದಳು. ಈ ಸಲ ಅಡಗಿದ್ದು ಅವ್ವನ ಸೆರಗಿನ ಹಿಂದೆ.

"ಕಾರ್ ತಂದೀಯೇನೋ ಅಳಿಯಾ?" ಎಂದಳು ಅತ್ತೆ. "ನಾಕ ಸುತ್ತ ಹಾಕು, ಪುಣ್ಯಾ ಬರ್ತೈತಿ."

ಹಾಕಿದೆ. ಮತ್ತೆ ಬಳ್ಳಿ ಸುತ್ತಿಕೊಂಡಿತು.

ನಿಮ್ಮ ಊರಿಗೂ ಯಾರಾದರೂ ಬಂಡವಾಳ ಹಾಕಲಿ ಎಂದಿದ್ದರೆ ಕೇಳಿ, ಸಲಹೆ ಪುಕ್ಕಟೆ. ಮೊದಲು ಭೂಮಿ ಅಳತೆ ಮಾಡಿಸಿಡಿ, ಪಾಲಿನ ಹಕ್ಕಿರುವ ಅಕ್ಕತಂಗಿಯರ ಸಹಿಯನ್ನೂ ತೆಗೆದುಕೊಂಡಿರಿ. ಅಗ್ಗ ಅಗ್ಗ ಎಂದು ಕೂಗಬೇಡಿ. ಅಗ್ಗದ್ದನ್ನು ಕಂಡರೆ ಹಣವಂತನಿಗೆ ಅನುಮಾನ. ಸುಗ್ಗಿಯಲ್ಲೇ ಕರೆತನ್ನಿ, ಊರಿನ ಕಷ್ಟವನ್ನು ಮೊದಲು ತೋರಿಸಿ. ತೋರಿಸುವಾಗ ಆ ಕಷ್ಟ ಯಾರದೋ ಅವರೇ ಎದುರಿಗಿರಲಿ. ಚೌಕಾಶಿ ಅವರು ಮಾಡಲಿ, ನೀವು ಬಾಯಿ ಮುಚ್ಚಿಕೊಂಡಿರಿ. ಎತ್ತರದ ಕಾರಿನಲ್ಲಿ ಹೋಗಿ. ಕೊನೆಗೆ, ರಾಶಿಯ ಹತ್ತಿರ ಬೂಟು ಬಿಚ್ಚಿದವನ ಜೊತೆ ಮಾತ್ರ ಭೂಮಿಯ ಮಾತು ತೆಗೆಯಿರಿ. ಬಿಚ್ಚದವನಿಗೆ ಹೊಟ್ಟೆ ತುಂಬ ಊಟ ಹಾಕಿ, ಕಳಿಸಿಬಿಡಿ.